ಹಿರಿಯರ (ಮಾಸ್ಟರ್ಸ್) ಅಥ್ಲೆಟಿಕ್ಸ್: ವಯೋವರ್ಗ, ವಯಸ್ಸಿನ ದಾಖಲೆ ಮತ್ತು ಪೂರ್ವಸಿದ್ಧತೆ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಮೂವತ್ತೈದು ವರ್ಷ ವಯಸ್ಸು ಪೂರೈಸಿದ ಪುರುಷರು ಹಾಗೂ ಮಹಿಳೆಯರು ತಮ್ಮ ಸಮವಯಸ್ಕರೊಡನೆ ಸ್ಪರ್ಧಿಸುವ ಓಟ, ನಡಿಗೆ, ಜಿಗಿತ ಮತ್ತು ಎಸೆತದ ಕ್ರೀಡೆಗಳಿಗೆ ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂದು ಹೆಸರು. ಹಿಂದೆ ಇದನ್ನು ವೆಟರನ್ಸ್ ಅಥ್ಲೆಟಿಕ್ಸ್ ಎಂದು ಕರೆಯಲಾಗುತ್ತಿತ್ತು. ನಿವೃತ್ತ ನೌಕರರು, ಶಿಕ್ಷಕರು, ಕೃಷಿಕರು, ಗೃಹಿಣಿಯರು ಸೇರಿದಂತೆ ಎಲ್ಲ ವರ್ಗದ ನಾಗರಿಕರು ಇದರಲ್ಲಿ ಭಾಗವಹಿಸಬಹುದಾಗಿದೆ.

ಈ ಕ್ರೀಡೆಯಲ್ಲಿ ಸ್ಪರ್ಧಿಯ ವರ್ಗ, ಎಸೆಯುವ ಉಪಕರಣದ ತೂಕ, ದಾಖಲೆಯ ಮಾನ್ಯತೆ ಇವೆಲ್ಲವೂ ಜನ್ಮದಿನಾಂಕವನ್ನೇ ಅವಲಂಬಿಸಿರುತ್ತವೆ. ಆದಕಾರಣ ಭಾಗವಹಿಸಲು ಇಚ್ಛಿಸುವವರು ಅಭ್ಯಾಸದಷ್ಟೇ ಗಮನವನ್ನು ವಯಸ್ಸಿನ ದಾಖಲೆಗಳ ಕಡೆಗೂ ಕೊಡುವುದು ಅವಶ್ಯಕ. ನಾಗರಿಕರ ಅನುಕೂಲಕ್ಕಾಗಿ ಅಗತ್ಯ ವಿವರಗಳನ್ನು ಈ ಕೆಳಗೆ ನೀಡಲಾಗಿದೆ.

2. ಹಿನ್ನೆಲೆ

ಹಿರಿಯರ ಪ್ರಥಮ ವಿಶ್ವ ಅಥ್ಲೆಟಿಕ್ಸ್ ಕೂಟವು 1975ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ನಡೆಯಿತು. 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ವಿಶ್ವ ಮಟ್ಟದ ಸಂಸ್ಥೆಯೊಂದು ಸ್ಥಾಪನೆಯಾಯಿತು. ಆ ಸಂಸ್ಥೆಯೇ ಇಂದು ವರ್ಲ್ಡ್ ಮಾಸ್ಟರ್ಸ್ ಅಥ್ಲೆಟಿಕ್ಸ್ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ. 2024ರ ಆಗಸ್ಟ್‌ನಲ್ಲಿ ಅದೇ ಗೋಥೆನ್‌ಬರ್ಗ್‌ನಲ್ಲಿ ನಡೆದ ವಿಶ್ವ ಕೂಟದಲ್ಲಿ ಎಂಟು ಸಾವಿರಕ್ಕೂ ಅಧಿಕ ಸ್ಪರ್ಧಿಗಳು ಹೆಸರು ನೋಂದಾಯಿಸಿದ್ದರು. ಏಷ್ಯಾ ಮಟ್ಟದ ಕೂಟವು 2025ರ ನವೆಂಬರ್‌ನಲ್ಲಿ ಚೆನ್ನೈನಲ್ಲಿ ಜರುಗಿತು.

ವರ್ಲ್ಡ್ ಮಾಸ್ಟರ್ಸ್ ಗೇಮ್ಸ್ ಎಂಬುದು ಬೇರೊಂದು ಅಂತರರಾಷ್ಟ್ರೀಯ ಸಂಸ್ಥೆಯು ನಡೆಸುವ, ಅನೇಕ ಕ್ರೀಡೆಗಳನ್ನು ಒಳಗೊಂಡ ಕೂಟ. ಹೆಸರುಗಳು ಹತ್ತಿರವಿರುವುದರಿಂದ ಅರ್ಜಿ ಸಲ್ಲಿಸುವವರು ಈ ವ್ಯತ್ಯಾಸವನ್ನು ಗಮನದಲ್ಲಿಡುವುದು.

ಭಾರತದ ಹಿರಿಯ ಸ್ಪರ್ಧಿಗಳು ಈ ಕ್ಷೇತ್ರದಲ್ಲಿ ಗಮನಾರ್ಹ ಸಾಧನೆ ಮಾಡಿದ್ದಾರೆ. ಪಂಜಾಬ್ ಮೂಲದ ಮಾನ್ ಕೌರ್ ಅವರು ತಮ್ಮ 93ನೆಯ ವಯಸ್ಸಿನಲ್ಲಿ ಓಟದ ಅಭ್ಯಾಸ ಆರಂಭಿಸಿ, 2017ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ನಡೆದ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್‌ನಲ್ಲಿ 101ನೆಯ ವಯಸ್ಸಿನಲ್ಲಿ 100 ಮೀಟರ್ ಓಟವನ್ನು 74 ಸೆಕೆಂಡುಗಳಲ್ಲಿ ಪೂರೈಸಿದರು. ಅವರು 2021ರಲ್ಲಿ ನಿಧನರಾದರು. ಹರಿಯಾಣ ಮೂಲದ ಭಗವಾನಿ ದೇವಿ ಅವರು 2022ರಲ್ಲಿ ಫಿನ್ಲೆಂಡಿನ ಟಾಂಪೆರೆಯಲ್ಲಿ ನಡೆದ ವಿಶ್ವ ಕೂಟದಲ್ಲಿ 94ನೆಯ ವಯಸ್ಸಿನಲ್ಲಿ 100 ಮೀಟರ್ ಓಟವನ್ನು 24.74 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕ ಪಡೆದರು.

3. ವಯೋವರ್ಗವನ್ನು ನಿರ್ಧರಿಸುವ ಕ್ರಮ

ಸ್ಪರ್ಧಿಗಳನ್ನು ಐದು ವರ್ಷಗಳ ಅಂತರದ ವರ್ಗಗಳಲ್ಲಿ ವಿಂಗಡಿಸಲಾಗುತ್ತದೆ: 35 ರಿಂದ 39, 40 ರಿಂದ 44, 45 ರಿಂದ 49, ಹೀಗೆ ನೂರು ವರ್ಷ ಮೇಲ್ಪಟ್ಟವರವರೆಗೆ. ಕೆಲವು ದೇಶೀಯ ಕೂಟಗಳಲ್ಲಿ 30 ವರ್ಷದಿಂದಲೇ ಪ್ರವೇಶ ನೀಡುವುದುಂಟು. ವಿಶ್ವ ಕೂಟದಲ್ಲಿ ಕನಿಷ್ಠ ವಯಸ್ಸು 35 ವರ್ಷ.

ಕೂಟದ ಮೊದಲನೆಯ ದಿನದಂದು ಪೂರ್ಣಗೊಂಡ ವಯಸ್ಸೇ ಆಧಾರವಾಗಿರುತ್ತದೆ. ಉದಾಹರಣೆಗೆ, ಕೂಟವು 10-11-2025ರಂದು ಆರಂಭವಾದಲ್ಲಿ, 15-08-1965ರಂದು ಜನಿಸಿದವರು 60 ವರ್ಷದ ವರ್ಗಕ್ಕೆ ಸೇರುತ್ತಾರೆ. 12-11-1965ರಂದು ಜನಿಸಿದವರಿಗೆ ಕೂಟದ ಮೂರನೆಯ ದಿನ 60 ತುಂಬಿದರೂ ಅವರು ಇಡೀ ಕೂಟದಲ್ಲಿ 55 ವರ್ಷದ ವರ್ಗದಲ್ಲಿಯೇ ಸ್ಪರ್ಧಿಸತಕ್ಕದ್ದು. ರಿಲೇ ಓಟದಲ್ಲಿ ತಂಡದ ಅತಿ ಕಿರಿಯ ಸದಸ್ಯರ ವಯಸ್ಸಿನ ಮೇಲೆ ತಂಡದ ವರ್ಗ ನಿರ್ಧಾರವಾಗುತ್ತದೆ.

ದಿನಾಂಕದಲ್ಲಿ ಒಂದೆರಡು ದಿನಗಳ ವ್ಯತ್ಯಾಸವೂ ಸ್ಪರ್ಧಿಯನ್ನು ಬೇರೆ ವರ್ಗಕ್ಕೆ ಸೇರಿಸಬಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

4. ವಯಸ್ಸಿನ ದಾಖಲೆಯ ಮಹತ್ವ

ಈ ವಿಷಯದಲ್ಲಿ ಫೌಜಾ ಸಿಂಗ್ ಅವರ ಪ್ರಕರಣವು ಉಲ್ಲೇಖನೀಯ. ಪಂಜಾಬಿನ ಜಲಂಧರ್ ಜಿಲ್ಲೆಯಲ್ಲಿ ಜನಿಸಿ ಬ್ರಿಟನ್ನಿನಲ್ಲಿ ನೆಲೆಸಿದ್ದ ಇವರ ಪಾಸ್‌ಪೋರ್ಟಿನಲ್ಲಿ ಜನ್ಮದಿನಾಂಕ 1-4-1911 ಎಂದು ನಮೂದಾಗಿತ್ತು. 2011ರ ಅಕ್ಟೋಬರ್‌ನಲ್ಲಿ ಅವರು ಟೊರಾಂಟೊ ಮ್ಯಾರಥಾನನ್ನು ಪೂರೈಸಿದರು. ಆದರೆ ಜನನದ ಕಾಲದಲ್ಲಿ ಸಿದ್ಧಪಡಿಸಿದ ಜನನ ಪ್ರಮಾಣಪತ್ರ ಇಲ್ಲದ ಕಾರಣ, ನೂರು ವರ್ಷದ ಮ್ಯಾರಥಾನ್ ಓಟಗಾರರೆಂಬ ದಾಖಲೆಯನ್ನು ಗಿನ್ನೆಸ್ ಸಂಸ್ಥೆಯು ಮಾನ್ಯ ಮಾಡಲಿಲ್ಲ. ಅವರು ಜನಿಸಿದ ಕಾಲದಲ್ಲಿ ಅಲ್ಲಿ ಜನನ ಪ್ರಮಾಣಪತ್ರ ಪಡೆಯುವುದು ಸಾಮಾನ್ಯವಾಗಿರಲಿಲ್ಲ. ಫೌಜಾ ಸಿಂಗ್ ಅವರು 2025ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ನಿಧನರಾದರು. ಸದರಿ ದಾಖಲೆ ಅವರ ಹೆಸರಿಗೆ ಬರಲೇ ಇಲ್ಲ.

ಕರ್ನಾಟಕದ ಹಿರಿಯ ನಾಗರಿಕರ ಪರಿಸ್ಥಿತಿಯೂ ಇದಕ್ಕಿಂತ ತೀರ ಭಿನ್ನವಾಗಿಲ್ಲ. ಮನೆಯಲ್ಲಿಯೇ ಹೆರಿಗೆಯಾಗುತ್ತಿದ್ದ ಕಾಲದಲ್ಲಿ ಅನೇಕ ಜನನಗಳು ನೋಂದಣಿಯಾಗಿಲ್ಲ. ಮಗುವನ್ನು ಶಾಲೆಗೆ ಸೇರಿಸುವಾಗ ಅಂದಾಜಿನ ಮೇಲೆ ಜೂನ್ 1 ಎಂದು ದಿನಾಂಕ ಬರೆಸಿದ ಉದಾಹರಣೆಗಳು ಪ್ರತಿ ಊರಿನಲ್ಲಿಯೂ ದೊರೆಯುತ್ತವೆ. ಶಾಲೆಗೇ ಹೋಗದ ಹಿರಿಯ ಮಹಿಳೆಯರ ಬಳಿ, "ದೊಡ್ಡ ಬರ ಬಂದ ವರ್ಷ" ಅಥವಾ "ಜಾತ್ರೆ ಮುಗಿದ ಮೂರನೇ ದಿನ" ಎಂಬ ನೆನಪಿನ ಹೊರತು ಬೇರೆ ಆಧಾರ ಇಲ್ಲದಿರಬಹುದು. ಇಂತಹವರು ಶಕ್ತಿಯಿದ್ದೂ ಕೂಟದ ನೋಂದಣಿ ಮೇಜಿನ ಬಳಿಯೇ ಹಿಂದಿರುಗಬೇಕಾದ ಸಂದರ್ಭ ಒದಗಬಾರದು. ಈ ಕಾರಣದಿಂದ ದಾಖಲೆಗಳನ್ನು ಕೂಟಕ್ಕೆ ಬಹಳ ಮುಂಚಿತವಾಗಿಯೇ ಸರಿಪಡಿಸಿಕೊಳ್ಳುವುದು ಸೂಕ್ತ.

ಸಾಮಾನ್ಯವಾಗಿ ಆಧಾರವಾಗಿ ಬಳಸಬಹುದಾದ ದಾಖಲೆಗಳು:

ಅ) ಜನನ ಪ್ರಮಾಣಪತ್ರ. ಜನನದ ಕಾಲದಲ್ಲಿಯೇ ಬರೆದ ದಾಖಲೆಗೆ ಹೆಚ್ಚಿನ ತೂಕವಿರುತ್ತದೆ.

ಆ) ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಶಾಲಾ ವರ್ಗಾವಣೆ ಪತ್ರ ಅಥವಾ ದಾಖಲಾತಿ ವಹಿಯ ದೃಢೀಕೃತ ಪ್ರತಿ.

ಇ) ನಿವೃತ್ತ ಸರ್ಕಾರಿ ನೌಕರರಾದಲ್ಲಿ ಸೇವಾ ಪುಸ್ತಕದ ಉದ್ಧೃತ ಭಾಗ.

ಈ) ಪಾಸ್‌ಪೋರ್ಟ್. ವಿದೇಶದ ಕೂಟಗಳಿಗೆ ಇದು ಅನಿವಾರ್ಯ. ಅಲ್ಲಿ ಇದರಲ್ಲಿರುವ ದಿನಾಂಕವನ್ನೇ ಪರಿಶೀಲಿಸಲಾಗುತ್ತದೆ.

ಆಧಾರ್ ಕಾರ್ಡ್ ಗುರುತಿನ ದಾಖಲೆಯಾಗಿದ್ದು, ಅದನ್ನು ಜನ್ಮದಿನಾಂಕದ ಪುರಾವೆಯೆಂದು ಪರಿಗಣಿಸಲಾಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯವೂ 2024ರಲ್ಲಿ ಇದೇ ಅಭಿಪ್ರಾಯವನ್ನು ವ್ಯಕ್ತಪಡಿಸಿದೆ.

5. ಜನನ ನೋಂದಣಿ ಆಗಿಲ್ಲದವರು ಅನುಸರಿಸಬೇಕಾದ ಕ್ರಮ

ಮೊದಲಿಗೆ, ಜನನವು ನೋಂದಣಿಯಾಗಿದೆಯೇ ಎಂಬುದನ್ನು ಹುಡುಕಿಸತಕ್ಕದ್ದು. ಜನಿಸಿದ ಸ್ಥಳವು ಗ್ರಾಮವಾಗಿದ್ದಲ್ಲಿ ಸಂಬಂಧಪಟ್ಟ ತಾಲ್ಲೂಕು ಕಛೇರಿಯಲ್ಲಿ, ಪಟ್ಟಣವಾಗಿದ್ದಲ್ಲಿ ಆಯಾ ನಗರ ಸ್ಥಳೀಯ ಸಂಸ್ಥೆಯಲ್ಲಿ ವಿಚಾರಿಸಬಹುದು. ಹಳೆಯ ವಹಿಗಳಲ್ಲಿ ಮಗುವಿನ ಹೆಸರಿಲ್ಲದೆ, "ಹೆಣ್ಣು" ಅಥವಾ "ಗಂಡು" ಎಂಬುದರ ಜೊತೆಗೆ ತಂದೆ-ತಾಯಿಯ ಹೆಸರು ಮಾತ್ರ ಇರುವುದು ಸಾಮಾನ್ಯ. ಆದ್ದರಿಂದ ಅರ್ಜಿಯಲ್ಲಿ ತಂದೆ-ತಾಯಿಯ ಪೂರ್ಣ ಹೆಸರು, ಊರು ಮತ್ತು ಅಂದಾಜು ವರ್ಷವನ್ನು ತಿಳಿಸಿದರೆ ಹುಡುಕಾಟ ಸುಲಭವಾಗುತ್ತದೆ.

ದಾಖಲೆ ದೊರೆಯದಿದ್ದಲ್ಲಿ, ದೊರೆತಿಲ್ಲವೆಂಬ ಪ್ರಮಾಣಪತ್ರವನ್ನು (ನಮೂನೆ 10) ಪಡೆಯತಕ್ಕದ್ದು. ಜನನ ಮತ್ತು ಮರಣ ನೋಂದಣಿ ಅಧಿನಿಯಮ, 1969ರ 13ನೆಯ ಪ್ರಕರಣದನ್ವಯ ಒಂದು ವರ್ಷ ಮೀರಿದ ಜನನವನ್ನು ದಂಡಾಧಿಕಾರಿಗಳ ಆದೇಶದ ಮೇರೆಗೆ ಮಾತ್ರ ನೋಂದಾಯಿಸಬಹುದು. 2023ರ ತಿದ್ದುಪಡಿಯ ಪ್ರಕಾರ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯವರಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯು ಪರಿಶೀಲಿಸಿ ಆದೇಶ ನೀಡುತ್ತಾರೆ.

ಪಾಸ್‌ಪೋರ್ಟ್ ಪಡೆಯಲು, 1-10-2023ರಂದು ಅಥವಾ ತದನಂತರ ಜನಿಸಿದವರಿಗೆ ಮಾತ್ರ ಜನನ ಪ್ರಮಾಣಪತ್ರವೊಂದೇ ಆಧಾರ. ಅದಕ್ಕೂ ಮುಂಚೆ ಜನಿಸಿದವರು ಶಾಲಾ ದಾಖಲೆ, ಪ್ಯಾನ್ ಕಾರ್ಡ್, ಚಾಲನಾ ಪರವಾನಗಿ, ಮತದಾರರ ಗುರುತಿನ ಚೀಟಿ ಮುಂತಾದ ನಿಗದಿತ ಪರ್ಯಾಯ ದಾಖಲೆಗಳನ್ನು ಸಲ್ಲಿಸಬಹುದು. ಎಲ್ಲ ದಾಖಲೆಗಳಲ್ಲಿಯೂ ಹೆಸರು ಹಾಗೂ ದಿನಾಂಕ ಒಂದೇ ಆಗಿರುವಂತೆ ನೋಡಿಕೊಳ್ಳುವುದು.

6. ಸ್ಪರ್ಧಾ ನಿಯಮಗಳಲ್ಲಿನ ವ್ಯತ್ಯಾಸ

ವಯಸ್ಸಿಗೆ ಅನುಗುಣವಾಗಿ ಉಪಕರಣದ ತೂಕವು ಕಡಿಮೆಯಾಗುತ್ತದೆ. ಅಭ್ಯಾಸವನ್ನು ತಮ್ಮ ವರ್ಗದ ತೂಕದಲ್ಲಿಯೇ ಮಾಡುವುದು ಉತ್ತಮ.

ಗುಂಡು ಎಸೆತ (ಪುರುಷರು): 49 ವರ್ಷದವರೆಗೆ 7.26 ಕಿ.ಗ್ರಾಂ, 50-59 ವರ್ಷ 6 ಕಿ.ಗ್ರಾಂ, 60-69 ವರ್ಷ 5 ಕಿ.ಗ್ರಾಂ, 70-79 ವರ್ಷ 4 ಕಿ.ಗ್ರಾಂ, 80 ವರ್ಷ ಮತ್ತು ಮೇಲ್ಪಟ್ಟು 3 ಕಿ.ಗ್ರಾಂ.

ಗುಂಡು ಎಸೆತ (ಮಹಿಳೆಯರು): 49 ವರ್ಷದವರೆಗೆ 4 ಕಿ.ಗ್ರಾಂ, 50-74 ವರ್ಷ 3 ಕಿ.ಗ್ರಾಂ, 75 ವರ್ಷ ಮತ್ತು ಮೇಲ್ಪಟ್ಟು 2 ಕಿ.ಗ್ರಾಂ.

ಚಕ್ರ ಎಸೆತ (ಪುರುಷರು): 49 ವರ್ಷದವರೆಗೆ 2 ಕಿ.ಗ್ರಾಂ, 50-59 ವರ್ಷ 1.5 ಕಿ.ಗ್ರಾಂ, 60 ವರ್ಷ ಮತ್ತು ಮೇಲ್ಪಟ್ಟು 1 ಕಿ.ಗ್ರಾಂ.

ಚಕ್ರ ಎಸೆತ (ಮಹಿಳೆಯರು): 74 ವರ್ಷದವರೆಗೆ 1 ಕಿ.ಗ್ರಾಂ; 75 ವರ್ಷ ಮತ್ತು ಮೇಲ್ಪಟ್ಟು 750 ಗ್ರಾಂ.

ಹರ್ಡಲ್ಸ್ ಓಟದಲ್ಲಿ ಅಡೆತಡೆಯ ಎತ್ತರ ಹಾಗೂ ಓಟದ ದೂರ ಎರಡೂ ವಯಸ್ಸಿನೊಂದಿಗೆ ಕಡಿಮೆಯಾಗುತ್ತವೆ. ಸ್ಟೀಪಲ್‌ಚೇಸ್ ಸ್ಪರ್ಧೆಯು 60 ವರ್ಷ ದಾಟಿದ ಪುರುಷರಿಗೆ ಹಾಗೂ ಎಲ್ಲ ವರ್ಗದ ಮಹಿಳೆಯರಿಗೆ 2000 ಮೀಟರ್ ಆಗಿರುತ್ತದೆ. ಕಡಿಮೆ ದೂರದ ಓಟಗಳಲ್ಲಿ ಬಗ್ಗಿ ಓಟ ಆರಂಭಿಸುವುದಾಗಲಿ, ಸ್ಟಾರ್ಟಿಂಗ್ ಬ್ಲಾಕ್ ಬಳಸುವುದಾಗಲಿ ಕಡ್ಡಾಯವಿಲ್ಲ, ನಿಂತೇ ಆರಂಭಿಸಬಹುದು.

7. ಆರೋಗ್ಯ ತಪಾಸಣೆ

ವಯಸ್ಸಾದಂತೆ ಹೃದಯ ಬಡಿತದ ಗರಿಷ್ಠ ಮಿತಿ, ಸ್ನಾಯುಗಳ ಬಲ ಹಾಗೂ ಶರೀರವು ಆಮ್ಲಜನಕವನ್ನು ಬಳಸುವ ಸಾಮರ್ಥ್ಯ ಕಡಿಮೆಯಾಗುತ್ತವೆ. ನಿಯಮಿತ ಅಭ್ಯಾಸದಿಂದ ಈ ಇಳಿಕೆಯನ್ನು ನಿಧಾನಗೊಳಿಸಬಹುದು. ಬಾಯಾರಿಕೆಯ ಅರಿವು ಸಹ ಹಿರಿಯರಲ್ಲಿ ಮಂದವಾಗುವುದರಿಂದ, ಬಿಸಿಲಿನ ಅಭ್ಯಾಸದಲ್ಲಿ ಬಾಯಾರಿಕೆಗೆ ಕಾಯದೆ ನೀರು ಕುಡಿಯುವುದು ಅವಶ್ಯಕ.

ಹಲವು ವರ್ಷಗಳಿಂದ ವ್ಯಾಯಾಮ ಮಾಡದವರು ಅಭ್ಯಾಸ ಆರಂಭಿಸುವ ಮುನ್ನ ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆಯ ಅಂಶ ಹಾಗೂ ವೈದ್ಯರು ಸೂಚಿಸಿದಲ್ಲಿ ಇ.ಸಿ.ಜಿ. ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮೊದಲ ಕೆಲವು ತಿಂಗಳು ನಡಿಗೆ ಮತ್ತು ನಿಧಾನ ಓಟಕ್ಕೆ ಸೀಮಿತಗೊಳಿಸಿ, ಅನಂತರವಷ್ಟೇ ವೇಗದ ಓಟಕ್ಕೆ ತೊಡಗುವುದು. ಎದೆನೋವು, ತಲೆಸುತ್ತು, ಅಸಹಜ ಉಸಿರಾಟ ಅಥವಾ ಎಡಗೈ ಇಲ್ಲವೇ ದವಡೆಗೆ ಹರಡುವ ನೋವು ಕಂಡುಬಂದಲ್ಲಿ ತಕ್ಷಣ ನಿಲ್ಲಿಸಿ ವೈದ್ಯಕೀಯ ನೆರವು ಪಡೆಯತಕ್ಕದ್ದು.

8. ಔಷಧ ಸೇವಿಸುವವರ ಗಮನಕ್ಕೆ

ಉದ್ದೀಪನ ಮದ್ದು ತಡೆ ನಿಯಮಗಳು ಹಿರಿಯ ಸ್ಪರ್ಧಿಗಳಿಗೂ ಅನ್ವಯಿಸುತ್ತವೆ. ವೈದ್ಯರ ಸಲಹೆಯಂತೆ ಪ್ರತಿದಿನ ಸೇವಿಸುವ ಔಷಧವೂ ನಿಷೇಧಿತ ಪಟ್ಟಿಯಲ್ಲಿರಬಹುದು. ಮೂತ್ರ ಹೆಚ್ಚಿಸುವ ಅಂಶವುಳ್ಳ ರಕ್ತದೊತ್ತಡದ ಮಾತ್ರೆಗಳು (ಉದಾ: ಹೈಡ್ರೋಕ್ಲೋರೋಥಯಾಜೈಡ್) ಹಾಗೂ ಇನ್ಸುಲಿನ್ ಇದಕ್ಕೆ ಉದಾಹರಣೆ. ಮಧುಮೇಹಕ್ಕೆ ನೀಡುವ ಮೆಟ್‌ಫಾರ್ಮಿನ್ ನಿಷೇಧಿತವಲ್ಲ. ಯಾವುದೇ ಸ್ಪರ್ಧಿ ಕೂಟದ ಸಲುವಾಗಿ ಔಷಧವನ್ನು ತಾನಾಗಿಯೇ ನಿಲ್ಲಿಸಬಾರದು. ಚಿಕಿತ್ಸೆಯ ಉದ್ದೇಶದ ವಿನಾಯಿತಿಗಾಗಿ ವೈದ್ಯಕೀಯ ದಾಖಲೆಗಳೊಡನೆ ಅರ್ಜಿ ಸಲ್ಲಿಸಲು ಅವಕಾಶವಿದೆ.

9. ಪ್ರವೇಶ ಹಾಗೂ ವೆಚ್ಚ

ವಿಶ್ವ ಕೂಟಕ್ಕೆ ಅರ್ಹತಾ ಮಟ್ಟವನ್ನು ನಿಗದಿಪಡಿಸಿಲ್ಲ. ಪ್ರವೇಶ ಶುಲ್ಕ, ಪ್ರಯಾಣ ಹಾಗೂ ವಸತಿಯ ವೆಚ್ಚವನ್ನು ಸಾಮಾನ್ಯವಾಗಿ ಸ್ಪರ್ಧಿಗಳೇ ಭರಿಸಬೇಕಾಗುತ್ತದೆ. ದೇಶದಲ್ಲಿ ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಹಿರಿಯರ ಕೂಟಗಳನ್ನು ನಡೆಸುತ್ತಿರುವುದರಿಂದ, ಹಣ ಪಾವತಿಸುವ ಮುನ್ನ ಆಯೋಜಕ ಸಂಸ್ಥೆಯ ನೋಂದಣಿ, ಅದು ಯಾವ ರಾಷ್ಟ್ರೀಯ ಅಥವಾ ಅಂತರರಾಷ್ಟ್ರೀಯ ಸಂಸ್ಥೆಯ ಮಾನ್ಯತೆ ಪಡೆದಿದೆ ಎಂಬ ವಿವರಗಳನ್ನು ಕೇಳಿ ತಿಳಿದುಕೊಂಡು, ರಸೀದಿ ಪಡೆಯತಕ್ಕದ್ದು. ಸೇವೆಯಲ್ಲಿರುವ ಸರ್ಕಾರಿ ನೌಕರರು ವಿದೇಶ ಪ್ರಯಾಣಕ್ಕೆ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯುವುದು ಕಡ್ಡಾಯ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಯೌವನದಲ್ಲಿ ಯಾವ ಕ್ರೀಡೆಯಲ್ಲಿಯೂ ಭಾಗವಹಿಸಿಲ್ಲ. ಈಗ ಸೇರಬಹುದೇ?
ಉತ್ತರ: ಸೇರಬಹುದು. ಹಿಂದಿನ ಅನುಭವ ಅಥವಾ ಪ್ರಮಾಣಪತ್ರದ ಅವಶ್ಯಕತೆ ಇಲ್ಲ.

ಪ್ರಶ್ನೆ: ಶಾಲಾ ದಾಖಲೆಯಲ್ಲಿರುವ ದಿನಾಂಕ ಅಂದಾಜಿನದು. ನಿಜವಾದ ವಯಸ್ಸು ಇದಕ್ಕಿಂತ ಹೆಚ್ಚು. ಯಾವುದನ್ನು ನಮೂದಿಸಬೇಕು?
ಉತ್ತರ: ದಾಖಲೆಯಲ್ಲಿ ಇರುವ ದಿನಾಂಕವನ್ನೇ ನಮೂದಿಸತಕ್ಕದ್ದು. ನೆನಪಿನ ಆಧಾರದ ಮೇಲೆ ಹಿರಿಯ ವರ್ಗಕ್ಕೆ ಸೇರಿದಲ್ಲಿ ಫಲಿತಾಂಶ ರದ್ದಾಗುವ ಸಂಭವವಿದೆ.

ಪ್ರಶ್ನೆ: ಪದಕ ಪಡೆದಲ್ಲಿ ಸರ್ಕಾರದ ಪ್ರೋತ್ಸಾಹಧನಕ್ಕೆ ಅರ್ಹತೆ ದೊರೆಯುವುದೇ?
ಉತ್ತರ: ಪದಕ ಮಾತ್ರದಿಂದ ಅರ್ಹತೆ ಬರುವುದಿಲ್ಲ. ಆಯಾ ಯೋಜನೆಯ ಆದೇಶದಲ್ಲಿ ಹಿರಿಯರ ಕೂಟಗಳನ್ನು ಸೇರಿಸಲಾಗಿದೆಯೇ ಎಂಬುದನ್ನು ಪರಿಶೀಲಿಸತಕ್ಕದ್ದು.

ಪ್ರಶ್ನೆ: ಅಭ್ಯಾಸಕ್ಕೆ ಜಿಲ್ಲಾ ಕ್ರೀಡಾಂಗಣವನ್ನು ಬಳಸಬಹುದೇ?
ಉತ್ತರ: ಕ್ರೀಡಾಂಗಣದ ವೇಳೆ ಹಾಗೂ ನಿಯಮಗಳಿಗೆ ಒಳಪಟ್ಟು ಬಳಸಬಹುದು. ವಿವರಗಳಿಗೆ ಸ್ಥಳೀಯ ಕಛೇರಿಯಲ್ಲಿ ವಿಚಾರಿಸುವುದು.

11. ಸೂಚನೆ

ಕೂಟಕ್ಕೆ ಹೊರಡುವಾಗ ವಯಸ್ಸಿನ ಮೂಲ ದಾಖಲೆ, ಅದರ ಎರಡು ಪ್ರತಿಗಳು, ಪ್ರವೇಶ ಶುಲ್ಕದ ರಸೀದಿ, ಸೇವಿಸುವ ಔಷಧಗಳ ಚೀಟಿ ಹಾಗೂ ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದವರ ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು. ಮನೆಯಲ್ಲಿರುವ ಹಿರಿಯರ ದಾಖಲೆಗಳನ್ನು ಹುಡುಕಿಸುವ ಹಾಗೂ ಅರ್ಜಿ ಸಲ್ಲಿಸುವ ಕೆಲಸದಲ್ಲಿ ಕುಟುಂಬದ ಕಿರಿಯ ಸದಸ್ಯರು ನೆರವಾಗಬೇಕೆಂದು ಕೋರಲಾಗಿದೆ. ಹೆಚ್ಚಿನ ಮಾಹಿತಿಗಾಗಿ ಆಯಾ ಜಿಲ್ಲೆಯ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕಛೇರಿಯನ್ನು ಕಛೇರಿ ವೇಳೆಯಲ್ಲಿ ಸಂಪರ್ಕಿಸಬಹುದು.