ಉಂಡೆ ಕೊಬ್ಬರಿ ಬೆಂಬಲ ಬೆಲೆ (ತುಮಕೂರು ಜಿಲ್ಲೆ)

ಬೆಲೆ ಕುಸಿದಾಗ ಸರ್ಕಾರವೇ ಖರೀದಿದಾರನಾಗಿ ಮಾರುಕಟ್ಟೆಗೆ ಇಳಿಯುವ ವ್ಯವಸ್ಥೆ. ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ತೆಂಗು ಬೆಳೆಗಾರರಿಗೆ ಸರ್ಕಾರದ ಮಧ್ಯಪ್ರವೇಶ ಎಂದರೆ ಬಹುಮಟ್ಟಿಗೆ ಇದೇ. ಜಿಲ್ಲೆಯ ಪ್ರಮುಖ ಕೊಬ್ಬರಿ ಮಾರುಕಟ್ಟೆ ತಿಪಟೂರಿನಲ್ಲಿದೆ.

ಉಂಡೆ ಕೊಬ್ಬರಿ ಅವಸರದ ಸರಕಲ್ಲ. ಕಾಯಿಯನ್ನು ಸಿಪ್ಪೆಸಹಿತ ಅಟ್ಟದ ಮೇಲೆ ಹತ್ತು–ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ಆರಿ ಗಿಟುಕು ಚಿಪ್ಪಿನಿಂದ ಬಿಡಿಸಿಕೊಂಡ ಮೇಲೆ ಸುಲಿಯುತ್ತಾರೆ. ಅಟ್ಟಕ್ಕೆ ಏರಿಸಿದ ದಿನದ ಧಾರಣೆ ಇಳಿಸುವ ದಿನ ಉಳಿದಿರುವ ಖಾತ್ರಿಯಿಲ್ಲ. ಮುಖ್ಯ ಗಿರಾಕಿ ಉತ್ತರ ಭಾರತದಲ್ಲಿರುವುದರಿಂದ ಅಲ್ಲಿನ ಬೇಡಿಕೆ ತಗ್ಗಿದರೆ ಏಟು ಬೀಳುವುದು ಇಲ್ಲಿಯ ರೈತನಿಗೆ.

ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗದ ಶಿಫಾರಸಿನ ಮೇಲೆ ಕೇಂದ್ರ ಸರ್ಕಾರ ದರ ನಿಗದಿಪಡಿಸುತ್ತದೆ. ರಾಷ್ಟ್ರೀಯ ಕೃಷಿ ಸಹಕಾರ ಮಾರಾಟ ಒಕ್ಕೂಟವಾದ ನಾಫೆಡ್ ಪರವಾಗಿ ನೋಂದಾಯಿತ ರೈತರಿಂದ ಖರೀದಿ ನಡೆಯುತ್ತದೆ. ಕ್ವಿಂಟಲ್‌ಗೆ 2023ರಲ್ಲಿ 11,750 ರೂಪಾಯಿ ಇದ್ದ ಬೆಂಬಲ ಬೆಲೆ 2024ಕ್ಕೆ 12,000, 2025ಕ್ಕೆ 12,100 ಆಯಿತು. 2023ರಲ್ಲಿ ಮಾರುಕಟ್ಟೆ ದರ ಆ ವರ್ಷದ ಬೆಂಬಲ ಬೆಲೆಗಿಂತ ಬಹಳ ಕೆಳಗಿತ್ತು. ಹೀಗಾಗಿ ರಾಜ್ಯ ಸರ್ಕಾರ ಬೆಂಬಲ ಬೆಲೆಯ ಮೇಲೆ ಪ್ರೋತ್ಸಾಹಧನವನ್ನೂ ಘೋಷಿಸಿತು.

ಖರೀದಿಗೆ ಮಿತಿಗಳಿವೆ: ಎಕರೆಗೆ ಇಷ್ಟು, ರೈತನಿಗೆ ಇಷ್ಟು, ನಿಗದಿತ ಅವಧಿಯೊಳಗೆ ಮಾತ್ರ. ನೋಂದಣಿ ತಪ್ಪಿದವರು, ಕೈಸಾಲ ತೀರಿಸಲು ಮುಂಚೆಯೇ ಮಾರಿದವರು ವರ್ತಕರ ದರಕ್ಕೇ ಒಪ್ಪಬೇಕಾಗುತ್ತದೆ. ಸಣ್ಣ ಹಿಡುವಳಿದಾರರ ಮಟ್ಟಿಗೆ ಯೋಜನೆಯ ದೊಡ್ಡ ಕೊರತೆ ಇದೇ.

ಇಳುವರಿ ಕುಗ್ಗಿದ 2025ರಲ್ಲಿ ತಿಪಟೂರಿನ ಧಾರಣೆ ಕ್ವಿಂಟಲ್‌ಗೆ 20,000 ರೂಪಾಯಿ ದಾಟಿತು. ಬೆಂಬಲ ಬೆಲೆಗೆ ಮಾರುವ ಅಗತ್ಯವೇ ಆಗ ರೈತರಿಗೆ ಉಳಿಯಲಿಲ್ಲ.