ಎಣ್ಣೆ ಬಾಣಲೆ ಇಲ್ಲದ ಗರಿಗರಿ ವಿಂಗ್ಸ್

ಇಯರ್‌ಫೋನ್ ಹಾಕ್ಕೊಂಡ್ರಾ? ಇವತ್ತು ಬಫಲೋ ವಿಂಗ್ಸ್ ಕಥೆ. ಎಮ್ಮೆಗೂ ಇದಕ್ಕೂ ಸಂಬಂಧ ಇಲ್ಲ, ಬಫಲೋ ಅನ್ನೋದು ಅಮೆರಿಕದ ಒಂದು ಊರು.

1964ರಲ್ಲಿ ಅಲ್ಲಿನ ಆ್ಯಂಕರ್ ಬಾರ್‌ನ ಟೆರೆಸಾ ಬೆಲಿಸಿಮೊ, ಸೂಪಿಗೆ ಹೋಗೋ ಕೋಳಿ ರೆಕ್ಕೆಗಳನ್ನ ಕರಿದು ಖಾರದ ಸಾಸ್‌ನಲ್ಲಿ ಹೊರಳಿಸಿದರು ಅನ್ನೋದು ಪ್ರಸಿದ್ಧ ಕಥೆ. ಅದೇ ಊರಲ್ಲಿ, ಅದೇ ದಶಕದಲ್ಲಿ, ಜಾನ್ ಯಂಗ್ ಅನ್ನೋ ಕಪ್ಪುವರ್ಣೀಯ ವ್ಯಾಪಾರಿ ಇಡೀ ರೆಕ್ಕೆ ಕರಿದು ಮಂಬೊ ಸಾಸ್ ಹಾಕಿ ಮಾರ್ತಿದ್ದರು. 1980ರಲ್ಲಿ ಕ್ಯಾಲ್ವಿನ್ ಟ್ರಿಲಿನ್ ‘ನ್ಯೂಯಾರ್ಕರ್’ನಲ್ಲಿ ಯಂಗ್ ಬಗ್ಗೆಯೂ ಬರೆದರು. ಆದ್ರೂ ಕ್ರೆಡಿಟ್ ಬಾರ್ ಖಾತೆಗೇ ಜಮಾ ಆಯ್ತು. ಬಿ.ಕಾಂ ಓದಿದ ನನಗೆ ಈ ಎಂಟ್ರಿ ಇವತ್ತಿಗೂ ಟ್ಯಾಲಿ ಆಗಲ್ಲ.

ಇಬ್ಬರೂ ಕರಿದದ್ದೇ. ಹೋಟೆಲಲ್ಲಿ ಎಣ್ಣೆ ಕಾದೇ ಇರತ್ತೆ. ಮನೇಲಿ ಎಂಟು ರೆಕ್ಕೆಗೆ ಒಂದು ಲೀಟರ್ ಯಾರು ಸುರೀತಾರೆ? ಅಸಲಿಗೆ ಗರಿಗರಿ ಆಗೋಕೆ ಚರ್ಮದ ನೀರು ಹೋಗಬೇಕು, ಅಷ್ಟೇ. ಕೊಬ್ಬು ಚರ್ಮದಲ್ಲೇ ಇದೆ. ಅರ್ಧ ಕೆಜಿಗೆ ಒಂದು ಟೀ ಚಮಚ ಬೇಕಿಂಗ್ ಪೌಡರ್, ಉಪ್ಪು ಸವರಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ಮುಚ್ಚದೆ ಇಡಿ. ಪೌಡರ್‌ನ ಕ್ಷಾರಗುಣಕ್ಕೆ ಚರ್ಮ ಚೆನ್ನಾಗಿ ಕಂದಾಗತ್ತೆ. ಸೋಡಾ ಬೇಡ, ಕಹಿ. ಜಾಲರಿ ಮೇಲಿಟ್ಟು 220 ಡಿಗ್ರಿ ಓವನ್‌ನಲ್ಲಿ ಸುಮಾರು 45 ನಿಮಿಷ, ನಡುವೆ ತಿರುವಿ ಹಾಕಿ.

2010ರಲ್ಲಿ ಫಿಲಿಪ್ಸ್ ಬರ್ಲಿನ್‌ನಲ್ಲಿ ತೋರಿಸಿದ ಏರ್‌ಫ್ರೈಯರ್ ಕೂಡ ಹೆಸರಿಗಷ್ಟೇ ಫ್ರೈ, ಒಳಗಿರೋದು ಫ್ಯಾನ್ ಇರೋ ಪುಟ್ಟ ಓವನ್. ಬುಟ್ಟಿ ತುಂಬಿಸಬೇಡಿ, ಹಬೆಗೆ ಚರ್ಮ ಮೆತ್ತಗಾಗತ್ತೆ.

ಸಾಸ್ ತಿನ್ನೋ ಹೊತ್ತಿಗೆ ಮಾತ್ರ. ಅಂದಹಾಗೆ, ನಮ್ಮನೇಲಿ ಇದಕ್ಕೆ ಬಫಲೋ ಅನ್ನಲ್ಲ, ಯಂಗ್ ವಿಂಗ್ಸ್ ಅಂತೀವಿ.