ಕ್ರಿಪ್ಟೋ ವಾಲೆಟ್: ತೊಂದರೆಗಳ ಪತ್ತೆ ಮತ್ತು ಪರಿಹಾರ

ಬಿಟ್‌ಕಾಯಿನ್, ಈಥರ್ ಮೊದಲಾದ ಕ್ರಿಪ್ಟೋ ನಾಣ್ಯಗಳನ್ನು ಪಡೆಯಲು ಮತ್ತು ಕಳಿಸಲು ಬಳಸುವ ತಂತ್ರಾಂಶ ಅಥವಾ ಸಾಧನವೇ ಕ್ರಿಪ್ಟೋ ವಾಲೆಟ್. ಹೆಸರು ವಾಲೆಟ್ ಎಂದಿದ್ದರೂ ಅದರೊಳಗೆ ನಾಣ್ಯ ಇರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕವೆಲ್ಲ ಸಾವಿರಾರು ಕಂಪ್ಯೂಟರ್‌ಗಳು ಒಟ್ಟಾಗಿ ಕಾಯುವ ಬ್ಲಾಕ್‌ಚೈನ್‌ನಲ್ಲಿರುತ್ತದೆ. ಆ ಲೆಕ್ಕದಿಂದ ಖರ್ಚು ಮಾಡಲು ಸಹಿ ಹಾಕುವ ಖಾಸಗಿ ಕೀ ಮಾತ್ರ ವಾಲೆಟ್‌ನ ಬಳಿ ಇರುತ್ತದೆ. ಬಿಟ್‌ಕಾಯಿನ್‌ನಲ್ಲೂ ಈಥರ್‌ನ ಜಾಲವಾದ ಇಥೀರಿಯಂನಲ್ಲೂ ಈ ಕೀ 256 ಬಿಟ್‌ಗಳ ಒಂದು ಸಂಖ್ಯೆ.

ಇಷ್ಟು ಮನವರಿಕೆಯಾದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಫೋನ್ ನೀರಿಗೆ ಬಿದ್ದರೂ, ಆ್ಯಪ್ ಅಳಿಸಿಹೋದರೂ, ವಾಲೆಟ್ ತಯಾರಿಸಿದ ಕಂಪನಿಯೇ ಬಾಗಿಲು ಮುಚ್ಚಿದರೂ ನಾಣ್ಯ ಇದ್ದಲ್ಲೇ ಇರುತ್ತದೆ. ನಷ್ಟವಾಗುವುದು ಕೀ ಕಳೆದರೆ ಅಥವಾ ಕೀ ಬೇರೆಯವರ ಕೈ ಸೇರಿದರೆ. ‘ಹಣ ಮಾಯವಾಯಿತು’ ಎಂಬ ಎಷ್ಟೋ ದೂರುಗಳಲ್ಲಿ ಹಣ ಎಲ್ಲಿಗೂ ಹೋಗಿರುವುದಿಲ್ಲ. ಆದರೆ ಅದನ್ನು ಸರಿಪಡಿಸಲು ಹೊರಟ ಅವಸರದಲ್ಲಿ ನಿಜವಾಗಿ ಕಳೆದುಕೊಂಡವರು ಬಹಳ ಮಂದಿ. ಹಾಗಾಗಿ ಪರಿಹಾರಕ್ಕಿಂತ ಪತ್ತೆ ಮೊದಲು.

ಈ ಲೇಖನ ಕೀಯನ್ನು ಬಳಕೆದಾರರೇ ಇಟ್ಟುಕೊಳ್ಳುವ ವಾಲೆಟ್‌ಗಳಿಗೆ ಸಂಬಂಧಿಸಿದ್ದು. ಎಕ್ಸ್‌ಚೇಂಜ್ ಖಾತೆಯಲ್ಲಿ ಕೀ ಕಂಪನಿಯ ಬಳಿ ಇರುತ್ತದೆ. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಎಕ್ಸ್‌ಚೇಂಜಿನ ವಾಲೆಟ್‌ನಿಂದ ಸುಮಾರು 23 ಕೋಟಿ ಡಾಲರ್ ಮೌಲ್ಯದ ನಾಣ್ಯ ಕಳುವಾಗಿ ಹಣ ಹಿಂಪಡೆಯುವಿಕೆ ನಿಂತಾಗ, ಗ್ರಾಹಕರಿಗೆ ಕಾಯುವುದರ ಹೊರತು ದಾರಿ ಇರಲಿಲ್ಲ.

ಬ್ಯಾಲೆನ್ಸ್ ಕಾಣದಿದ್ದಾಗ

ಮೊದಲು ಮಾಡಬೇಕಾದದ್ದು, ಸ್ವಂತ ವಿಳಾಸವನ್ನು ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಹಾಕಿ ನೋಡುವುದು. ಬಿಟ್‌ಕಾಯಿನ್‌ಗೆ ಮೆಂಪೂಲ್ ಡಾಟ್ ಸ್ಪೇಸ್, ಇಥೀರಿಯಂಗೆ ಈಥರ್‌ಸ್ಕ್ಯಾನ್ ಬಳಕೆಯಲ್ಲಿವೆ. ಇವು ಬ್ಲಾಕ್‌ಚೈನ್‌ನ ಬಹಿರಂಗ ಲೆಕ್ಕವನ್ನು ತೋರಿಸುವ ತಾಣಗಳು. ನೋಡಲು ವಿಳಾಸ ಸಾಕು, ಪಾಸ್‌ವರ್ಡ್ ಬೇಡ, ಕೀಗಳನ್ನು ಮರುಸೃಷ್ಟಿಸಲು ಬರೆದಿಟ್ಟುಕೊಳ್ಳುವ ಸೀಡ್ ಪದಗಳೂ ಬೇಡ. ಕೇಳಿದರೆ ಆ ತಾಣ ನಕಲಿ.

ಎಕ್ಸ್‌ಪ್ಲೋರರ್‌ನಲ್ಲಿ ಹಣ ಇದ್ದು ವಾಲೆಟ್‌ನಲ್ಲಿ ಸೊನ್ನೆ ಕಂಡರೆ ದೋಷ ತೋರಿಸುವ ಆ್ಯಪಿನದು. ವಾಲೆಟ್ ಮಾಹಿತಿ ತರುವ ಸರ್ವರ್ ಸ್ಥಗಿತವಾಗಿರಬಹುದು, ಅಥವಾ ಇಥೀರಿಯಂ ಬದಲು ಪಾಲಿಗಾನ್‌ನಂಥ ಬೇರೆ ಜಾಲ ಆಯ್ಕೆಯಾಗಿರಬಹುದು. ಜಾಲದ ಮೂಲ ನಾಣ್ಯವಲ್ಲದೆ ಅದರ ಮೇಲೆ ನಡೆಯುವ ಟೋಕನ್ ಆದರೆ, ಅದನ್ನು ನಡೆಸುವ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಂನ ವಿಳಾಸವನ್ನು ಕೈಯಾರೆ ಸೇರಿಸಬೇಕಾಗುತ್ತದೆ. ಆ ವಿಳಾಸವನ್ನು ಟೋಕನ್ ಹೊರತಂದವರ ಅಧಿಕೃತ ತಾಣದಿಂದಲೇ ತೆಗೆದುಕೊಳ್ಳಬೇಕು, ಏಕೆಂದರೆ ಅದೇ ಹೆಸರಿನ ಟೋಕನ್ ಅನ್ನು ಯಾರು ಬೇಕಾದರೂ ಸೃಷ್ಟಿಸಬಹುದು. ಬಿಟ್‌ಕಾಯಿನ್ ಕೋರ್ ಎಂಬ ತಂತ್ರಾಂಶ ಬಳಸುವವರು ಇಡೀ ಬ್ಲಾಕ್‌ಚೈನ್ ಇಳಿಸಿಕೊಳ್ಳುವವರೆಗೆ ಹಳೆಯ ಲೆಕ್ಕವನ್ನೇ ನೋಡುತ್ತಾರೆ. ಇಳಿಯಬೇಕಾದ ದತ್ತಾಂಶ 600 ಜಿಬಿ ದಾಟಿದೆ.

ಹೆಚ್ಚು ಕಂಗೆಡಿಸುವುದು ಸೀಡ್ ಪದಗಳನ್ನು ಹೊಸ ವಾಲೆಟ್‌ಗೆ ಹಾಕಿದಾಗ ಕಾಣುವ ಸೊನ್ನೆ. ಒಂದೇ ಸೀಡ್‌ನಿಂದ ಲೆಕ್ಕವಿಲ್ಲದಷ್ಟು ವಿಳಾಸಗಳು ಹುಟ್ಟುತ್ತವೆ; ಯಾವ ಕ್ರಮದಲ್ಲಿ ಹುಟ್ಟಬೇಕು ಎಂಬುದನ್ನು ‘ಡೆರಿವೇಷನ್ ಪಾತ್’ ಹೇಳುತ್ತದೆ. ಹಳೆಯ ವಾಲೆಟ್ ಒಂದು ಪಾತ್ ಹಿಡಿದು ಹೊಸದು ಇನ್ನೊಂದು ಹಿಡಿದರೆ ಪದಗಳೆಲ್ಲ ಸರಿಯಿದ್ದರೂ ಖಾಲಿ ಖಾತೆ ತೆರೆಯುತ್ತದೆ. ಬಿಟ್‌ಕಾಯಿನ್‌ನಲ್ಲಿ ಹಳೆಯ ವಿಳಾಸ ಹೇಗೆ ಶುರುವಾಗುತ್ತಿತ್ತು ಎಂಬ ನೆನಪೇ ದಾರಿ ತೋರಿಸುತ್ತದೆ: 1ರಿಂದ ಆದರೆ 44ನೇ ಪಾತ್, 3ರಿಂದ ಆದರೆ ಸಾಮಾನ್ಯವಾಗಿ 49, ಬಿಸಿ1ಕ್ಯೂ ಆದರೆ 84, ಬಿಸಿ1ಪಿ ಆದರೆ 86. ಎಲೆಕ್ಟ್ರಮ್ ವಾಲೆಟ್‌ನ ಸೀಡ್ ಪದ್ಧತಿಯೇ ಬೇರೆ. ಅದರ ಪದಗಳನ್ನು ಎಲೆಕ್ಟ್ರಮ್‌ನಲ್ಲೇ ಹಾಕಿ ನೋಡುವುದು ಲೇಸು. ಇನ್ನೊಂದು ಮಿತಿಯಿದೆ. ಸತತ 20 ಬಳಸದ ವಿಳಾಸಗಳು ಸಿಕ್ಕರೆ ಎಷ್ಟೋ ವಾಲೆಟ್‌ಗಳು ಮುಂದೆ ಹುಡುಕುವುದಿಲ್ಲ. ಪ್ರತಿ ಗಿರಾಕಿಗೂ ಹೊಸ ವಿಳಾಸ ಕೊಡುವ ವ್ಯಾಪಾರಿಗಳು ಸೆಟ್ಟಿಂಗ್‌ನಲ್ಲಿ ಈ ಮಿತಿಯನ್ನು ಹೆಚ್ಚಿಸಿಕೊಳ್ಳಬೇಕು.

ಸೀಡ್ ಜೊತೆಗೆ ಪಾಸ್‌ಫ್ರೇಸ್ ಇಟ್ಟುಕೊಂಡವರು ಇನ್ನಷ್ಟು ಎಚ್ಚರವಾಗಿರಬೇಕು. ಬಳಕೆದಾರರು ‘25ನೇ ಪದ’ ಎನ್ನುವ ಇದಕ್ಕೆ ಸರಿ ತಪ್ಪು ಎಂಬ ಪರೀಕ್ಷೆಯೇ ಇಲ್ಲ. ಒಂದು ಸ್ಪೇಸ್ ಹೆಚ್ಚಾದರೂ, ದೊಡ್ಡಕ್ಷರ ಸಣ್ಣಕ್ಷರ ಬದಲಾದರೂ ವಾಲೆಟ್ ದೋಷ ತೋರಿಸದೆ ಬೇರೊಂದು ಖಾಲಿ ಖಾತೆಯನ್ನು ತೆರೆಯುತ್ತದೆ.

ಸಿಕ್ಕಿಬಿದ್ದ ವಹಿವಾಟು

ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೊಂದು ಬ್ಲಾಕ್ ಹುಟ್ಟುತ್ತದೆ, ಅದರಲ್ಲಿ ಜಾಗ ಸೀಮಿತ. ಕಳಿಸಿದ ವಹಿವಾಟು ಮೊದಲು ಮೆಂಪೂಲ್ ಎಂಬ ಕಾಯುವ ಸಾಲಿಗೆ ಬರುತ್ತದೆ. ಅಲ್ಲಿ ಮೊದಲು ಬಂದವರಿಗೆ ಆದ್ಯತೆ ಇಲ್ಲ, ಪ್ರತಿ ಬೈಟ್‌ಗೆ ಹೆಚ್ಚು ಶುಲ್ಕ ಕೊಟ್ಟವರಿಗೆ ಆದ್ಯತೆ. ಬ್ಲಾಕ್ ಕಟ್ಟುವ ಗಣಿಗಾರರಿಗೆ ಸಿಗುವ ಹೊಸ ನಾಣ್ಯ ಅರ್ಧವಾಗುವ ‘ಹಾವಿಂಗ್’ ನಾಲ್ಕನೇ ಬಾರಿ ನಡೆದ 2024ರ ಏಪ್ರಿಲ್ 20ರಂದೇ ರೂನ್ಸ್ ಎಂಬ ಟೋಕನ್ ಪದ್ಧತಿಯೂ ಶುರುವಾಗಿ ಶುಲ್ಕ ದಾಖಲೆ ಮಟ್ಟಕ್ಕೆ ಏರಿತ್ತು. ಮಾಮೂಲಿ ಶುಲ್ಕ ಕೊಟ್ಟವರ ವಹಿವಾಟುಗಳು ಅಂಥ ದಿನ ಸಾಲಿನಲ್ಲೇ ನಿಲ್ಲುತ್ತವೆ.

ಹೀಗೆ ನಿಂತ ಹಣ ಕಳೆದಿಲ್ಲ, ಕಳಿಸಿದವರ ವಿಳಾಸವನ್ನು ಅದು ಬಿಟ್ಟೇ ಇಲ್ಲ. ಬಿಟ್‌ಕಾಯಿನ್ ಕೋರ್‌ನ ಮೂಲ ಸೆಟ್ಟಿಂಗ್ ಪ್ರಕಾರ 336 ಗಂಟೆ, ಅಂದರೆ 14 ದಿನ ಕಳೆದರೆ ಜಾಲದ ಕಂಪ್ಯೂಟರ್‌ಗಳಾದ ನೋಡ್‌ಗಳು ಅಂಥ ವಹಿವಾಟನ್ನು ಕೈಬಿಡುತ್ತವೆ. ಅಷ್ಟು ದಿನ ಕಾಯಲಾಗದವರಿಗೆ ಎರಡು ದಾರಿಗಳಿವೆ. ಅದೇ ವಹಿವಾಟನ್ನು ಹೆಚ್ಚಿನ ಶುಲ್ಕದೊಂದಿಗೆ ಮತ್ತೆ ಕಳಿಸುವುದು ಒಂದು. ಇದಕ್ಕೆ ಆರ್‌ಬಿಎಫ್ ಎನ್ನುತ್ತಾರೆ, ಕಳಿಸಿದವರು ಮಾತ್ರ ಮಾಡಬಹುದು. ಎರಡನೆಯದು ಸಿಪಿಎಫ್‌ಪಿ. ಹಣ ಪಡೆಯಬೇಕಾದವರು ಇನ್ನೂ ದೃಢವಾಗದ ಆ ಮೊತ್ತವನ್ನೇ ತಮ್ಮ ಮತ್ತೊಂದು ವಿಳಾಸಕ್ಕೆ ದೊಡ್ಡ ಶುಲ್ಕ ಕೊಟ್ಟು ಕಳಿಸುತ್ತಾರೆ. ಮಗುವಿನ ಶುಲ್ಕ ಬೇಕೆಂದರೆ ಗಣಿಗಾರರು ತಾಯಿ ವಹಿವಾಟನ್ನೂ ಸೇರಿಸಲೇಬೇಕು. ಲೆಕ್ಕ ಹೀಗೆ: ಸಿಕ್ಕಿಬಿದ್ದ ವಹಿವಾಟು 140 ವರ್ಚುವಲ್ ಬೈಟ್, ಬೈಟಿಗೆ 3 ಸಾತೋಶಿಯಂತೆ ಕೊಟ್ಟದ್ದು 420 ಸಾತೋಶಿ. ಮಾರುಕಟ್ಟೆ ದರ 40 ಆಗಿದೆ. ಹೊಸ ವಹಿವಾಟು 110 ಬೈಟ್ ಆದರೆ ಎರಡೂ ಸೇರಿ 250 ಬೈಟ್, ಬೇಕಾದ ಒಟ್ಟು ಶುಲ್ಕ 10,000. ಮೊದಲೇ ಕೊಟ್ಟ 420 ಕಳೆದು, ಹೊಸ ವಹಿವಾಟಿಗೆ 9,580 ಸಾತೋಶಿ ಇಡಬೇಕು. 1 ಬಿಟ್‌ಕಾಯಿನ್ ಎಂದರೆ 10 ಕೋಟಿ ಸಾತೋಶಿ.

ಇಥೀರಿಯಂನಲ್ಲಿ ಪ್ರತಿ ಖಾತೆಯ ವಹಿವಾಟುಗಳಿಗೂ ‘ನಾನ್ಸ್’ ಎಂಬ ಕ್ರಮಸಂಖ್ಯೆ ಇದೆ. 7ನೆಯದು ಸಿಕ್ಕಿಬಿದ್ದರೆ 8, 9ನೆಯವು ಎಷ್ಟು ಶುಲ್ಕ ಕೊಟ್ಟರೂ ಮುಂದೆ ಹೋಗುವುದಿಲ್ಲ. ಹೊಸದಾಗಿ ಕಳಿಸುತ್ತಾ ಹೋದಷ್ಟೂ ಸಾಲು ಬೆಳೆಯುತ್ತದೆ. 7ನೇ ಸಂಖ್ಯೆಯಲ್ಲೇ ಕನಿಷ್ಠ ಶೇ 10ರಷ್ಟು ಹೆಚ್ಚು ಶುಲ್ಕವಿಟ್ಟು ಇನ್ನೊಂದು ವಹಿವಾಟು ಕಳಿಸಿದರೆ ಹಳೆಯದು ರದ್ದಾಗುತ್ತದೆ. ವಾಲೆಟ್‌ಗಳ ‘ಸ್ಪೀಡ್ ಅಪ್’, ‘ಕ್ಯಾನ್ಸಲ್’ ಗುಂಡಿಗಳು ಮಾಡುವುದು ಇದನ್ನೇ. ವಿಫಲವಾದ ವಹಿವಾಟಿಗೂ ಗ್ಯಾಸ್ ಶುಲ್ಕ ಕಡಿತವಾಗುತ್ತದೆ. ನೆಟ್‌ವರ್ಕ್ ಕೆಲಸ ಮಾಡಿದ್ದಕ್ಕೆ ಅದು ಕೂಲಿ, ವಾಪಸ್ ಬರುವುದಿಲ್ಲ.

‘ಯುಎಸ್‌ಡಿಟಿ ಇದೆ, ಕಳಿಸಲು ಆಗುತ್ತಿಲ್ಲ’ ಎಂಬ ದೂರಿಗೆ ಸಾಮಾನ್ಯ ಕಾರಣ ಒಂದೇ. ಟೋಕನ್ ಯಾವುದೇ ಇರಲಿ, ಶುಲ್ಕ ಕೊಡಬೇಕಾದದ್ದು ಆ ಜಾಲದ ಮೂಲ ನಾಣ್ಯದಲ್ಲಿ: ಇಥೀರಿಯಂನಲ್ಲಿ ಈಥರ್, ಟ್ರಾನ್‌ನಲ್ಲಿ ಟಿಆರ್‌ಎಕ್ಸ್. ಸ್ವಲ್ಪ ಮೂಲ ನಾಣ್ಯ ತುಂಬಿಸಿದರೆ ಸಮಸ್ಯೆ ಮುಗಿಯುತ್ತದೆ. ಇದೇ ನಿಯಮವನ್ನು ಬಳಸಿ ನಡೆಯುವ ಮೋಸವೂ ಒಂದಿದೆ. ಅಪರಿಚಿತರೊಬ್ಬರು ಯುಎಸ್‌ಡಿಟಿ ತುಂಬಿದ ವಾಲೆಟ್‌ನ ಸೀಡ್ ಪದಗಳನ್ನೇ ಕಳಿಸಿ ‘ತೆಗೆಯುವುದು ಹೇಗೆ’ ಎಂದು ಕೇಳುತ್ತಾರೆ. ಆಸೆಯಿಂದ ಶುಲ್ಕದ ಹಣ ಹಾಕಿದವರ ಟಿಆರ್‌ಎಕ್ಸ್ ಮೋಸಗಾರರ ಪಾಲಾಗುತ್ತದೆ, ಟೋಕನ್ ಕದಲುವುದಿಲ್ಲ.

ಕೀ ಇಡುವ ಪ್ರತ್ಯೇಕ ಸಾಧನವಾದ ಹಾರ್ಡ್‌ವೇರ್ ವಾಲೆಟ್ ಕಂಪ್ಯೂಟರ್‌ಗೆ ಕಾಣಿಸದಿದ್ದರೂ ವಹಿವಾಟು ನಿಲ್ಲುತ್ತದೆ. ಆಗ ಮೊದಲು ಕೇಬಲ್ ಬದಲಿಸಿ ನೋಡಬೇಕು. ಚಾರ್ಜ್ ಮಾತ್ರ ಮಾಡುವ ಕೇಬಲ್‌ಗಳಲ್ಲಿ ದತ್ತಾಂಶ ಹರಿಯುವುದಿಲ್ಲ. ಪಿನ್ ಊಹಿಸುವುದು ಬೇಡ. ಲೆಡ್ಜರ್ ಸಾಧನ 3 ತಪ್ಪು ಪಿನ್‌ಗೆ, ಟ್ರೆಜರ್ 16ಕ್ಕೆ ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸೀಡ್ ಪದಗಳು ಕೈಯಲ್ಲಿದ್ದರೆ ಅದರಿಂದ ನಷ್ಟವಿಲ್ಲ.

ತಪ್ಪು ವಿಳಾಸ, ತಪ್ಪು ಜಾಲ

ಬಿಟ್‌ಕಾಯಿನ್ ವಿಳಾಸದೊಳಗೇ ತಾಳೆಸಂಖ್ಯೆ ಇರುವುದರಿಂದ ಒಂದಕ್ಷರ ತಪ್ಪಿದರೂ ವಾಲೆಟ್ ಒಪ್ಪುವುದಿಲ್ಲ. ಇಥೀರಿಯಂನಲ್ಲಿ ಈ ತಾಳೆ ದೊಡ್ಡಕ್ಷರ ಸಣ್ಣಕ್ಷರಗಳ ಮಿಶ್ರಣದಲ್ಲಿದೆ. ಇಡೀ ವಿಳಾಸವನ್ನು ಸಣ್ಣಕ್ಷರದಲ್ಲಿ ಬರೆದರೆ ಆ ರಕ್ಷಣೆ ಹೋಗುತ್ತದೆ.

ಇಥೀರಿಯಂ, ಪಾಲಿಗಾನ್, ಬಿಎನ್‌ಬಿ ಚೈನ್‌ಗಳ ವಿಳಾಸದ ರೂಪ ಒಂದೇ. ಸ್ವಂತ ಕೀ ಇರುವ ವಿಳಾಸಕ್ಕೆ ತಪ್ಪು ಜಾಲದಲ್ಲಿ ಹಣ ಬಂದಿದ್ದರೆ, ವಾಲೆಟ್‌ಗೆ ಆ ಜಾಲವನ್ನು ಸೇರಿಸಿದೊಡನೆ ಅದು ಕಾಣುತ್ತದೆ. ಎಕ್ಸ್‌ಚೇಂಜಿನ ವಿಳಾಸಕ್ಕೆ ಹೋಗಿದ್ದರೆ ಕೀ ಅವರದು. ವಹಿವಾಟಿನ ಗುರುತುಸಂಖ್ಯೆಯಾದ ಹ್ಯಾಶ್ ಕೊಟ್ಟು ಅವರನ್ನೇ ಕೋರಬೇಕಾಗುತ್ತದೆ. ಎಕ್ಸ್‌ಆರ್‌ಪಿ ಅಥವಾ ಸ್ಟೆಲ್ಲರ್ ಕಳಿಸುವಾಗ ಗ್ರಾಹಕರನ್ನು ಗುರುತಿಸುವ ಟ್ಯಾಗ್ ಇಲ್ಲವೆ ಮೆಮೊ ಬಿಟ್ಟುಹೋದಾಗಲೂ ಅಷ್ಟೆ. ಟೋಕನ್ ಅನ್ನು ಅದರ ಕಾಂಟ್ರ್ಯಾಕ್ಟ್ ವಿಳಾಸಕ್ಕೇ ಕಳಿಸಿದ್ದರೆ ಮಾತ್ರ ಬಹುತೇಕ ಆಸೆ ಬಿಡಬೇಕು.

ಹಳೆಯ ವಹಿವಾಟುಗಳ ಪಟ್ಟಿಯಿಂದ ವಿಳಾಸ ನಕಲಿಸುವುದು ಅಪಾಯದ ಅಭ್ಯಾಸ. ಮೊದಲ ಮತ್ತು ಕೊನೆಯ ಕೆಲವು ಅಕ್ಷರಗಳು ಹೋಲುವ ವಿಳಾಸ ಸೃಷ್ಟಿಸಿ, ಅಲ್ಲಿಂದ ಪುಡಿಗಾಸು ಕಳಿಸಿ ಪಟ್ಟಿಯೊಳಗೆ ನುಸುಳುವ ಕಳ್ಳರಿದ್ದಾರೆ. 2024ರ ಮೇ ತಿಂಗಳಲ್ಲಿ ಹೀಗೆ ಮೋಸಹೋದ ಒಬ್ಬರಿಂದ 1,155 ಡಬ್ಲ್ಯುಬಿಟಿಸಿ (ಬಿಟ್‌ಕಾಯಿನ್ ಬೆಲೆಗೆ ಜೋಡಿಸಿದ ಟೋಕನ್), ಅಂದಿನ ಬೆಲೆಯಲ್ಲಿ ಸುಮಾರು 6.8 ಕೋಟಿ ಡಾಲರ್ ಕಳ್ಳರ ವಿಳಾಸ ಸೇರಿತು. ಆ ಮೊತ್ತದ ಬಹುಪಾಲು ಮಾತುಕತೆಯ ನಂತರ ಮರಳಿದ್ದು ಅಪರೂಪದ ಅದೃಷ್ಟ. ಮಧ್ಯದ ಅಕ್ಷರಗಳನ್ನೂ ತಾಳೆ ನೋಡಬೇಕು, ದೊಡ್ಡ ಮೊತ್ತವಾದರೆ ಮೊದಲು ಚಿಕ್ಕದೊಂದನ್ನು ಕಳಿಸಿ ನೋಡಬೇಕು.

ಸೀಡ್ ಪದಗಳ ತೊಂದರೆ

ಪಾಸ್‌ವರ್ಡ್ ಮರೆತದ್ದಕ್ಕೂ ಸೀಡ್ ಕಳೆದದ್ದಕ್ಕೂ ಅಜಗಜಾಂತರ. ಪಾಸ್‌ವರ್ಡ್ ಆ ಫೋನಿನಲ್ಲಿರುವ ಫೈಲಿಗೆ ಹಾಕಿದ ಬೀಗ ಅಷ್ಟೆ. ಸೀಡ್ ಇದ್ದರೆ ಆ್ಯಪ್ ಮತ್ತೆ ಹಾಕಿಕೊಂಡು ಹೊಸ ಪಾಸ್‌ವರ್ಡ್ ಇಡಬಹುದು. ಸೀಡ್ ಕಳೆದಿದ್ದು ವಾಲೆಟ್ ಇನ್ನೂ ತೆರೆಯುತ್ತಿದ್ದರೆ ಆ್ಯಪ್ ಅಳಿಸಬಾರದು, ಫೋನ್ ರೀಸೆಟ್ ಮಾಡಬಾರದು. ಸಾಧ್ಯವಿದ್ದರೆ ಸೆಟ್ಟಿಂಗ್‌ನಿಂದ ಪದಗಳನ್ನು ಬರೆದುಕೊಳ್ಳಬೇಕು. ಇಲ್ಲದಿದ್ದರೆ ಹೊಸ ವಾಲೆಟ್ ಮಾಡಿ ಅದರ ಪದಗಳನ್ನು ಬರೆದಿಟ್ಟು, ಹಣವನ್ನು ಅಂದೇ ಅಲ್ಲಿಗೆ ಸಾಗಿಸಬೇಕು.

ಬಹುತೇಕ ವಾಲೆಟ್‌ಗಳು 2013ರ ಬಿಐಪಿ-39 ಪದ್ಧತಿಯನ್ನು ಅನುಸರಿಸುತ್ತವೆ. 2,048 ಪದಗಳ ಪಟ್ಟಿಯಿಂದ 12 ಅಥವಾ 24 ಪದ, ಕೊನೆಯ ಪದದಲ್ಲಿ ತಾಳೆಸಂಖ್ಯೆ. ಇಂಗ್ಲಿಷ್ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರಗಳಿಂದಲೇ ಪದ ಗುರುತಾಗುವುದರಿಂದ ಅರ್ಧ ಅಳಿಸಿಹೋದ ಬರಹವನ್ನೂ ಓದಬಹುದು. ಜಪಾನಿ, ಕೊರಿಯನ್, ಸ್ಪ್ಯಾನಿಷ್, ಝೆಕ್ ಮೊದಲಾದ ಭಾಷೆಗಳ ಪಟ್ಟಿಗಳಿವೆ, ಕನ್ನಡದ್ದಿಲ್ಲ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟುಕೊಂಡವರು ಇದನ್ನು ಗಮನಿಸಬೇಕು. ‘ರೈಟ್’ ಎಂದು ಬರೆದಿದ್ದರೆ ಅದು ‘ಸರಿ’ ಎಂಬ ಅರ್ಥದ್ದೋ ‘ಬರೆ’ ಎಂಬ ಅರ್ಥದ್ದೋ ತಿಳಿಯದು. ಪಟ್ಟಿಯಲ್ಲಿ ಎರಡೂ ಇವೆ. ‘ವೇರ್’ ಕೂಡ ಹಾಗೆಯೇ: ‘ಧರಿಸು’, ‘ಎಲ್ಲಿ’ ಎರಡೂ ಉಂಟು. ಎರಡನ್ನೂ ಹಾಕಿ ನೋಡಿದರೆ ತಾಳೆಸಂಖ್ಯೆ ಸಾಮಾನ್ಯವಾಗಿ ತಪ್ಪನ್ನು ಹಿಡಿಯುತ್ತದೆ. ಬರೆಯುವಾಗಲೇ ಇಂಗ್ಲಿಷ್ ಅಕ್ಷರಗಳಲ್ಲಿ, ಕ್ರಮಸಂಖ್ಯೆ ಹಾಕಿ ಬರೆಯುವುದು ಕ್ಷೇಮ.

12ರಲ್ಲಿ ಒಂದು ಪದ ಕಳೆದು, ಅದರ ಸ್ಥಾನವೂ ಗೊತ್ತಿಲ್ಲದಿದ್ದರೆ ನೋಡಬೇಕಾದದ್ದು 24,576 ಸಾಧ್ಯತೆ; ಕಂಪ್ಯೂಟರ್‌ಗೆ ಅದು ಲೆಕ್ಕಕ್ಕೇ ಇಲ್ಲ. ಹನ್ನೆರಡೂ ಪದ ಇದ್ದು ಕ್ರಮ ಮರೆತಿದ್ದರೆ 47,90,01,600 ಜೋಡಣೆಗಳು, ತಾಳೆಸಂಖ್ಯೆ ದಾಟುವವು ಸುಮಾರು 3 ಕೋಟಿ. ಇದೂ ಸಾಧ್ಯ. 24 ಪದಗಳ ಕ್ರಮ ಪೂರ್ತಿ ಮರೆತರೆ ಸಾಧ್ಯವಿಲ್ಲ. ಈ ಹುಡುಕಾಟಕ್ಕೆ ಬಿಟಿಸಿರಿಕವರ್ ಎಂಬ ಮುಕ್ತ ತಂತ್ರಾಂಶವಿದೆ. ಅದನ್ನು ಇಂಟರ್‌ನೆಟ್ ಕಡಿದ ಕಂಪ್ಯೂಟರ್‌ನಲ್ಲಷ್ಟೇ ಓಡಿಸಬೇಕು. 2013ರಲ್ಲಿ ರೋಬೋಫಾರ್ಮ್ ತಂತ್ರಾಂಶ ಸೃಷ್ಟಿಸಿದ ಪಾಸ್‌ವರ್ಡ್ ಕಳೆದುಕೊಂಡವರೊಬ್ಬರ 43.6 ಬಿಟ್‌ಕಾಯಿನ್‌ಗಳನ್ನು ಅಮೆರಿಕದ ಹಾರ್ಡ್‌ವೇರ್ ತಜ್ಞ ಜೋ ಗ್ರ್ಯಾಂಡ್ ತಂಡ ಬಿಡಿಸಿದ್ದು 2024ರಲ್ಲಿ ಸುದ್ದಿಯಾಯಿತು. ಅದು ಫಲಿಸಿದ್ದು ಆ ತಂತ್ರಾಂಶದ ಹಳೆಯ ಆವೃತ್ತಿ ಪಾಸ್‌ವರ್ಡ್ ಅನ್ನು ಕಂಪ್ಯೂಟರ್‌ನ ಸಮಯಕ್ಕೆ ಹೊಂದಿಸಿ ಸೃಷ್ಟಿಸುತ್ತಿದ್ದುದರಿಂದ.

ಕೆಲವೊಮ್ಮೆ ಸೀಡ್ ಹುಟ್ಟುವಾಗಲೇ ದುರ್ಬಲವಾಗಿರುತ್ತದೆ. ಲಿಬ್‌ಬಿಟ್‌ಕಾಯಿನ್ ತಂತ್ರಾಂಶದ ಒಂದು ಆಜ್ಞೆ ಕೇವಲ 32 ಬಿಟ್‌ಗಳ ಯಾದೃಚ್ಛಿಕತೆಯಿಂದ ಸೀಡ್ ಸೃಷ್ಟಿಸುತ್ತಿದ್ದುದು 2023ರಲ್ಲಿ, ಕಳ್ಳತನಗಳ ನಂತರ, ಬೆಳಕಿಗೆ ಬಂತು. ಇಂಥಲ್ಲಿ ಆ್ಯಪ್ ಅಪ್‌ಡೇಟ್ ಮಾಡಿದರೆ ಸಾಲದು. ಹೊಸ ಸೀಡ್ ಮಾಡಿ ಹಣ ಸಾಗಿಸಬೇಕು.

ರಿಪೇರಿಯ ಹೆಸರಿನಲ್ಲಿ ಮೋಸ

2018ರ ಡಿಸೆಂಬರ್‌ನಲ್ಲಿ ಎಲೆಕ್ಟ್ರಮ್ ಬಳಕೆದಾರರು ಹಣ ಕಳಿಸಲು ಹೋದಾಗ, ದುಷ್ಟ ಸರ್ವರ್‌ಗಳು ವಾಲೆಟ್‌ನೊಳಗೇ ‘ಅಪ್‌ಡೇಟ್ ಮಾಡಿ’ ಎಂಬ ಸಂದೇಶ ತೋರಿಸಿದವು. ಕೊಂಡಿ ಒತ್ತಿ ನಕಲಿ ಆವೃತ್ತಿ ಹಾಕಿಕೊಂಡವರಿಂದ ಮೊದಲ ಕೆಲವೇ ದಿನಗಳಲ್ಲಿ 200ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೋದವು. ತೊಂದರೆಯಲ್ಲಿದ್ದಾಗ ಸಿಗುವ ಸಲಹೆಯನ್ನು ಮನಸ್ಸು ಬೇಗ ನಂಬುತ್ತದೆ, ಕಳ್ಳರು ಕಾಯುವುದು ಆ ಗಳಿಗೆಯನ್ನೇ. ಟೆಲಿಗ್ರಾಂನಲ್ಲಿ ತಾನಾಗಿ ಮೆಸೇಜ್ ಮಾಡುವ ‘ಸಪೋರ್ಟ್’, ವಾಲೆಟ್ ‘ವೆರಿಫೈ’ ಮಾಡಲು 12 ಪದ ಕೇಳುವ ಫಾರಂ, ಸ್ಕ್ರೀನ್ ಹಂಚಿಕೊಳ್ಳಿ ಎನ್ನುವ ಕರೆ, ಎಲ್ಲವೂ ಈ ಜಾತಿಯವು.

ಸಂಶಯದ ತಾಣಕ್ಕೆ ವಾಲೆಟ್ ಜೋಡಿಸಿ ಟೋಕನ್ ಬಳಸಲು ಅನುಮತಿ ಕೊಟ್ಟಿದ್ದರೆ, ಈಥರ್‌ಸ್ಕ್ಯಾನ್‌ನ ಅನುಮತಿ ಪುಟದಲ್ಲಿ ಅದನ್ನು ರದ್ದು ಮಾಡಬಹುದು. ಸೀಡ್ ಪದಗಳನ್ನೇ ಕೊಟ್ಟಿದ್ದರೆ ರದ್ದತಿಯಿಂದ ಉಪಯೋಗವಿಲ್ಲ. ಉಳಿದದ್ದನ್ನು ಕೂಡಲೇ ಹೊಸ ಸೀಡ್‌ನ ವಾಲೆಟ್‌ಗೆ ಸಾಗಿಸಬೇಕು. ಮುಂಗಡ ಶುಲ್ಕ ಕೊಟ್ಟರೆ ಹೋದ ನಾಣ್ಯ ತರಿಸುತ್ತೇವೆ ಎನ್ನುವವರನ್ನು ನಂಬಿದರೆ ಎರಡನೇ ನಷ್ಟ. ದೃಢಪಟ್ಟ ವಹಿವಾಟನ್ನು ಹಿಂದಕ್ಕೆ ತಿರುಗಿಸುವ ಅಧಿಕಾರ ಯಾರಿಗೂ ಇಲ್ಲ.

ಆದರೂ ಕಳ್ಳರು ನಾಣ್ಯವನ್ನು ಹಣವಾಗಿಸಲು ಎಕ್ಸ್‌ಚೇಂಜಿಗೆ ಬಂದರೆ ತಡೆಯುವ ಅವಕಾಶವಿದೆ. ಭಾರತದಲ್ಲಿ 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲಿದ್ದು, ಗ್ರಾಹಕರ ಗುರುತಿನ ದಾಖಲೆ ಇಡಬೇಕಾಗಿದೆ. ಆದ್ದರಿಂದ ತಡಮಾಡದೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಕೊಡಿ. ಕರ್ನಾಟಕದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸೆನ್ ಪೊಲೀಸ್ ಠಾಣೆಗಳೂ ದೂರು ಸ್ವೀಕರಿಸುತ್ತವೆ. ದೂರಿನಲ್ಲಿ ವಹಿವಾಟಿನ ಹ್ಯಾಶ್, ಎರಡೂ ಕಡೆಯ ವಿಳಾಸ, ಜಾಲದ ಹೆಸರು, ದಿನಾಂಕ ಮತ್ತು ಸಮಯ ಬರೆಯಿರಿ, ಮಾತುಕತೆಯ ಸ್ಕ್ರೀನ್‌ಶಾಟ್ ಲಗತ್ತಿಸಿ. ಸೀಡ್ ಪದಗಳನ್ನು ಮಾತ್ರ ಅಲ್ಲಿಯೂ ಬರೆಯಬೇಡಿ.